ಔಷಧ ಕಾಣದ ರಕ್ತದ ಸುದ್ದಿ

ಪೂಜ್ಯ ಗುರುಗಳೆ,

ಬೀದರಿನ ನಿಮ್ಮ ಪ್ರಯೋಗಾಲಯದಲ್ಲಿ ಇಂದು ನಿಮ್ಮ ನೆನಪಿಗೆ ಸೇರಿರುವ ಎಲ್ಲರಿಗೂ ವಂದಿಸಿ, ನಮ್ಮನ್ನು ತಾಳ್ಮೆಯಿಂದ ಬೆಳೆಸಿದ ಹಿರಿಯರಿಗೆ ಕೃತಜ್ಞತೆ ಹೇಳಿ, ಈ ಪತ್ರವನ್ನು ನಿಮಗೇ ಓದುತ್ತಿದ್ದೇನೆ. ಸುದ್ದಿ ನಿಮ್ಮದು, ಉಳಿದವರು ಕೇಳಿಸಿಕೊಳ್ಳಲಿ.

ನೀವು ಮೊದಲ ಸಲ ಆ ಕಪ್ಪು ಪುಡಿ ತೋರಿಸಿದ್ದು ನೆನಪಿದೆಯೆ? ಮೂರ್ಛೆರೋಗದ ಔಷಧದ ಅಣುಗಳ ಸುತ್ತ ಪಾಲಿಮರ್ ಕಟ್ಟಿ, ಆಮೇಲೆ ಆ ಅಣುಗಳನ್ನು ತೊಳೆದು ತೆಗೆದರೆ ಅವುಗಳದೇ ಆಕಾರದ ಟೊಳ್ಳುಗಳು ಉಳಿಯುತ್ತವೆ. ರಕ್ತದಲ್ಲಿರುವ ಅದೇ ಔಷಧ ಬಂದು ಅಲ್ಲಿ ಕೂರುತ್ತದೆ. ಪುಡಿಯ ಕಣಗಳ ಒಡಲಲ್ಲಿ ಕಬ್ಬಿಣದ ಆಕ್ಸೈಡ್ ಇರುವುದರಿಂದ ಅಯಸ್ಕಾಂತ ಹಿಡಿದರೆ ಎಲ್ಲವೂ ಒಂದು ಬದಿಗೆ ಬರುತ್ತವೆ; ಅವು ಹಿಡಿದ ಔಷಧವನ್ನು ಬಿಡಿಸಿ ಯಂತ್ರದಲ್ಲಿ ಅಳೆಯಬಹುದು. ಬರದ ವರ್ಷಗಳಲ್ಲಿ ಔರಾದ, ಭಾಲ್ಕಿಯಿಂದ ಹೈದರಾಬಾದಿಗೆ ದುಡಿಯಲು ಹೋಗುವವರಿಗೆ ಕಟ್ಟಡದ ಮೇಲೆ ಮೂರ್ಛೆ ಬಂದರೆ... ಅವರ ರಕ್ತದಲ್ಲಿ ಔಷಧ ಎಷ್ಟಿದೆಯೆಂದು ಹೊರಡುವ ಮೊದಲೇ ನಾವಿಲ್ಲಿ ಅಳೆದು ಹೇಳಬೇಕೆಂಬುದು ನಿಮ್ಮ ಹಟವಾಗಿತ್ತು.

ಆ ಔಷಧವನ್ನು ಎಂದೂ ಮುಟ್ಟದ ನನ್ನ ರಕ್ತವನ್ನು ಪರೀಕ್ಷಿಸಿದ ದಿನ, ಯಂತ್ರ ಅದರಲ್ಲೂ ಔಷಧ ತೋರಿಸಿತು. "ಏನವ್ವಾ, ಗುಳಿಗಿ ಕದ್ದು ನುಂಗೀಯೇನು?" ಎಂದು ನಕ್ಕಿರಿ. ಮರುಕ್ಷಣವೇ ಗಂಭೀರರಾಗಿ, ಈ ರಕ್ತದಲ್ಲಿ ಔಷಧ ಇಲ್ಲವೆಂದು ಯಂತ್ರ ತೋರಿಸುವ ತನಕ ಯಾವ ರೋಗಿಗೂ ಅಂಕಿ ಕೊಡಕೂಡದೆಂದಿರಿ. ಅದನ್ನು ಕಾಣುವ ಮೊದಲೇ ನೀವು...

ನೀವು ಹೋದ ಮೇಲೆ ಒಂದು ಮಧ್ಯಾಹ್ನ, ಎಕಂಬಾದ ನಮ್ಮ ವಿದ್ಯಾರ್ಥಿನಿ ಸುಜಾತಾ ಕಣಗಳನ್ನು ತೊಳೆಯುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಔಷಧವನ್ನು ತೊಳೆದು ತೆಗೆಯುವ ಮೆಥನಾಲನ್ನು ಹನಿಹನಿಯಾಗಿ ಹಾಕುತ್ತಿದ್ದಳು. ಕಾರಣ ಕೇಳಿದೆ. "ಮನ್ಯಾಗ ಒಂದು ಕೊಡ ನೀರಾಗ ಎಲ್ಲಾ ಭಾಂಡಿ ತಿಕ್ತೀವ್ರಿ ಮೇಡಂ. ಕೈಗೆ ಅದೇ ರೂಢಿ ಬಿದ್ದದ." ತೊಳೆತ ಸಾಲದೆ, ಟೊಳ್ಳುಗಳ ಅಚ್ಚಿಗೆ ಬಳಸಿದ ಔಷಧವೇ ಕಣಗಳಲ್ಲಿ ಉಳಿದು, ಪರೀಕ್ಷೆಗಿಟ್ಟ ನನ್ನ ರಕ್ತಕ್ಕೆ ಸೋರುತ್ತಿತ್ತು. ಬರ ನಮ್ಮ ಬೀಕರಿನೊಳಗೂ ಬಂದಿತ್ತಲ್ಲ, ಗುರುಗಳೆ!

ಮರುದಿನ ಆ ಹುಡುಗಿಯೇ ದಾರಿ ಹುಡುಕಿದಳು. ಅದೇ ಮೆಥನಾಲನ್ನು ಕುದಿಸಿ, ಆವಿಯನ್ನು ತಣಿಸಿ, ಮತ್ತೆ ಮತ್ತೆ ಕಣಗಳ ಮೇಲೆ ಬೀಳಿಸುವ ಉಪಕರಣ ನಮ್ಮ ಕಪಾಟಿನಲ್ಲೇ ಇತ್ತು. ತಣಿಸಲು ನಲ್ಲಿಯಲ್ಲಿ ನೀರಿಲ್ಲವೆಂದು ಬಿಟ್ಟಿದ್ದೆವು. ಅವಳು ಏರ್ ಕೂಲರಿನ ಪಂಪ್ ಬಿಚ್ಚಿ, ಒಂದೇ ಬಕೆಟ್ ನೀರನ್ನು ಆವಿಯ ಕೊಳವೆಯ ಸುತ್ತ ಮತ್ತೆ ಮತ್ತೆ ಹರಿಸುತ್ತಲೇ ಇದ್ದಳು.

ನಿನ್ನೆ ಬೆಳಿಗ್ಗೆ ನನ್ನ ರಕ್ತ ಮತ್ತೆ ಯಂತ್ರಕ್ಕೆ ಹೋಯಿತು. ಔಷಧ ಕಾಣಬೇಕಾದ ಜಾಗದಲ್ಲಿ ಗೆರೆ ಸಪಾಟಾಗಿ ಮಲಗಿತ್ತು. ಅದೇ ರಕ್ತದ ಬೇರೊಂದು ಪಾಲಿಗೆ ನಾವೇ ಅಳೆದು ಬೆರೆಸಿದ ಔಷಧ ಅಳತೆಗೆ ಸರಿಯಾಗಿ ಸಿಕ್ಕಿತು. "ಏನೂ ಇಲ್ರಿ ಮೇಡಂ," ಎಂದು ಸುಜಾತಾ ಅಳುತ್ತ ನಕ್ಕಳು. ಏನೂ ಇಲ್ಲವೆಂಬ ಮಾತಿಗೆ ಜನ ಇಷ್ಟು ಕುಣಿದದ್ದನ್ನು ನೀವು ಎಲ್ಲಾದರೂ ಕಂಡಿದ್ದಿರಾ?

ಈ ಹೊತ್ತು ಭಾಲ್ಕಿಯ ವೈದ್ಯರು ಕಳಿಸಿದ ಮೊದಲ ರೋಗಿಯ ರಕ್ತ ಮೇಜಿನ ಮೇಲಿದೆ. ಭಾತಂಬ್ರಾದ ಆ ತಾಯಿ ನಾಳೆ ಹೈದರಾಬಾದಿನ ಬಸ್ಸು ಹತ್ತುತ್ತಾಳೆ. ಗುಳಿಗೆ ಹೆಚ್ಚಿಸಬೇಕೋ ಇಳಿಸಬೇಕೋ ಎಂದು ವೈದ್ಯರು ಇಂದೇ ಹೇಳಬೇಕು. ಹಿರಿಯರು ಮನ್ನಿಸಲಿ, ಹಾರ, ಭಾಷಣ ಸಂಜೆಗಿರಲಿ. ಸುಜಾತಾ, ಕೈಗವಸು ಹಾಕ್ಕೋ ಅವ್ವಾ. ಸುರು ಮಾಡೋಣ.