ಮುಖ ತಿರುಗಿಸಿ ಕುಡಿದ ಬಟ್ಟಲು

ಪಿಲ್‌ಸುಕ್ ಅಕ್ಕಾ,

ಗುರುವಾರ ಬೆಳಿಗ್ಗೆ ಜೈಲಿನ ಬಾಗಿಲಲ್ಲಿ ನಿನ್ನ ಅಮ್ಮ ಮೊದಲು ತೋಫು ಕೊಡುತ್ತಾರೆ, ಬಿಡುಗಡೆಯಾದವರು ಮತ್ತೆ ಜೈಲು ಸೇರದಿರಲೆಂದು ತಿನ್ನಿಸುವಂಥದ್ದು, ಆಮೇಲೆ ಈ ಕಾಗದ. ತೋಫು ತಿನ್ನುತ್ತಲೇ ಓದಿಬಿಡು. ಸ್ವಲ್ಪ ದೂರದಲ್ಲಿ ನಮ್ಮ ಸಂಘದವರು ನಲವತ್ತು ಜನ ಕಾಯುತ್ತಿರುತ್ತಾರೆ. ನಿನ್ನನ್ನು ಹೆಗಲ ಮೇಲೆ ಹೊತ್ತು ಸಾಸಾಂಗ್‌ನ ಓಣಿಗೆ, ಜಿಂಜು ಚಿಕ್ಕಮ್ಮನ ಊಟದಂಗಡಿಯ ಮುಂದೆ ಕರೆದೊಯ್ದು, ಅವಳನ್ನು ಹೊರಗೆಳೆದು ನಿನ್ನೆದುರು ನಿಲ್ಲಿಸಬೇಕೆಂದು ತೀರ್ಮಾನವಾಗಿದೆ. ನಿನ್ನನ್ನು ಪೊಲೀಸರಿಗೆ ಹಿಡಿದುಕೊಟ್ಟವಳು ಅವಳೇ ಎಂದು ಎಲ್ಲರೂ ನಂಬಿದ್ದಾರೆ. ಅವರು ನಿನ್ನನ್ನು ಎತ್ತಿಕೊಳ್ಳುವ ಮೊದಲೇ ನೀನು ಇದನ್ನು ಓದಿ ಮುಗಿಸಬೇಕು.

ಹಿಡಿದುಕೊಟ್ಟವಳು ಯಾರೆಂದು ನಿನಗೆ ಗೊತ್ತು. ಹತ್ತು ತಿಂಗಳು ನೀನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನೀನು ನನ್ನನ್ನು ಉಳಿಸಲು ಸುಮ್ಮನಿದ್ದೆ, ನಾನೂ ನನ್ನನ್ನೇ ಉಳಿಸಿಕೊಳ್ಳಲು ಸುಮ್ಮನಿದ್ದೆ.

ಆ ಭಾನುವಾರವನ್ನು ನಾನು ಮತ್ತೆ ಮೊದಲಿನಿಂದ ಬರೆಯಬೇಕು. ಮನಸ್ಸಿನಲ್ಲಿ ಎಷ್ಟೋ ಸಲ ಅದನ್ನು ತಿದ್ದಿ ನನಗೆ ಬೇಕಾದಂತೆ ಮಾಡಿಕೊಂಡಿದ್ದೇನೆ. ಇಲ್ಲಿ ತಿದ್ದುವುದಿಲ್ಲ.

ಯೋಜನೆ ನಿನ್ನದು. ತಿಂಗಳಿಗೆ ಎರಡೇ ರಜೆ ಇರುವ ಶೂ ಕಾರ್ಖಾನೆಯ ಹುಡುಗಿಯರೆಲ್ಲ ಭಾನುವಾರ ಮಧ್ಯಾಹ್ನ ಹಂದಿ ಸಾರು, ಅನ್ನ ಉಣ್ಣಲು ಚಿಕ್ಕಮ್ಮನ ಅಂಗಡಿಗೆ ನುಗ್ಗುತ್ತಾರೆ. ಜಾಗ ಸಿಗದೆ ಗುರುತಿಲ್ಲದವರ ಮೇಜಿಗೇ ಕೂರುತ್ತಾರೆ. ನಾವೂ ಹಾಗೆ ಗುರುತಿಲ್ಲದವರಂತೆ ಒಂದೇ ಮೇಜಿಗೆ ಕೂರಬೇಕು. ಸೋಮವಾರದ ಮುಷ್ಕರದ ಕರಪತ್ರದ ಅಚ್ಚು, ನೀನು ಮೇಣದ ಕಾಗದದ ಮೇಲೆ ಕೊರೆದದ್ದು, ನಿನ್ನ ಊಟದ ಡಬ್ಬಿಯ ಬಟ್ಟೆಗಂಟಿನೊಳಗೆ ಇರುತ್ತದೆ. ಏಳುವಾಗ ನಿನ್ನ ಗಂಟು ನಾನು, ನನ್ನದು ನೀನು ಎತ್ತಿಕೊಂಡು ಹೋಗಬೇಕು. ಅಷ್ಟೇ. "ಮಾಲ್‌ಬುನ್, ನೀನು ಮಾತಾಡಬೇಡ. ನಿನ್ನ ಬಾಯಿ ತೆರೆದರೆ ಭಾಷಣ ಶುರುವಾಗತ್ತೆ" ಎಂದು ನಕ್ಕಿದ್ದೆ. ನಾನು ಒಂದು ಮಾತೂ ಆಡಲಿಲ್ಲ ಅಕ್ಕಾ. ಮಾತಿನಲ್ಲಿ ನಾನು ತಪ್ಪಲಿಲ್ಲ.

ನಾನು ಚಪ್ಪಲಿ ಬಿಟ್ಟು ಒಳಗೆ ಬಂದಾಗ ನೀನು ಮೂಲೆಯ ತಗ್ಗು ಮೇಜಿನ ಹತ್ತಿರ ಕೂತಿದ್ದೆ. ನಿನ್ನ ಎಡಕ್ಕೆ ಕೂತೆ. ಒಲೆಯ ಮೇಲೆ ಮೂಳೆ ಕುದಿಯುವ ಕಡಾಯಿ, ಅದರ ಹಬೆಯೊಳಗಿಂದ ಚಿಕ್ಕಮ್ಮನ ಧ್ವನಿ: "ಉಂಡವರು ಏಳ್ರೇ, ಇದು ನಿಮ್ಮ ಅತ್ತೆ ಮನೆ ಅಲ್ಲ!" ಎರಡು ಬಟ್ಟಲು ಕುಕ್ಕಿ, ಮೂಲಂಗಿ ಕಿಮ್ಚಿ, ಉಪ್ಪು ಸೀಗಡಿ ಇಟ್ಟು ಹೋದಳು. ನಾನು ಬಟ್ಟಲನ್ನು ನೋಡುತ್ತಾ ಕೂತೆ, ನೀನೂ ನೋಡುತ್ತಾ ಕೂತೆ. ಎಲ್ಲ ಸರಿಯಾಗಿತ್ತು.

ಆಗ ಅವನು ಬಂದ. ಐವತ್ತರ ಗಂಡಸು, ಕಂದು ಜಾಕೆಟ್ಟು, ಕೈಯಲ್ಲಿ ಅಕ್ಕಿ ಹೆಂಡದ ಕೆಟಲ್ಲು. ಬೇರೆ ಮೇಜಿನಲ್ಲಿ ಆಗಷ್ಟೇ ಒಂದು ಜಾಗ ಖಾಲಿಯಾಗಿತ್ತು. ಆದರೂ ನನ್ನ ಎಡಕ್ಕೇ ಬಂದು ಕೂತ. "ಚಿಕ್ಕಮ್ಮಾ, ಕಿವಿ ಮಾಂಸ ಜಾಸ್ತಿ ಹಾಕು" ಎಂದು ಕೂಗಿದ. "ನಿನ್ನ ಹೊಟ್ಟೆ ನೋಡಿ ಹಂದಿಗಳೇ ಊರು ಬಿಡ್ತಾ ಇವೆ" ಎಂದಳು ಅವಳು. ಎಲ್ಲರೂ ನಕ್ಕರು, ಅವನೂ ನಕ್ಕ. ನಗು ಮುಗಿದರೂ ಅವನ ಕಣ್ಣು ನಮ್ಮ ಗಂಟುಗಳ ಮೇಲಿತ್ತು. ಒಂದೇ ಬಣ್ಣದ ಎರಡು ಗಂಟು, ಪಕ್ಕಪಕ್ಕದಲ್ಲಿ.

"ಇಬ್ಬರೂ ಒಂದೇ ಕಾರ್ಖಾನೆಯವರಾ?"

"ಗೊತ್ತಿಲ್ಲ, ಇವಳನ್ನ ಇವತ್ತೇ ನೋಡಿದ್ದು" ಎಂದೆ ನೀನು. ನಿನ್ನ ಧ್ವನಿಯಲ್ಲಿ ಬೇಸರವಿತ್ತು, ಹೆದರಿಕೆ ಇರಲಿಲ್ಲ. ಹಾಗೆ ಸುಳ್ಳು ಹೇಳುವುದನ್ನು ನಾನು ನಿನ್ನಿಂದ ಎಂದೂ ಕಲಿಯಲಿಲ್ಲ.

"ಗುರುತಿಲ್ಲದಿದ್ದರೆ ಏನಂತೆ? ರಜೆಯ ದಿನ. ಒಂದೊಂದು ಬಟ್ಟಲು ಕುಡೀರಿ." ಕೆಟಲ್ಲನ್ನು ನಿನ್ನ ಮುಂದೆ ತಳ್ಳಿದ. "ಪಕ್ಕದ ಹುಡುಗಿಗೆ ನೀನೇ ಹಾಕಮ್ಮ. ಮುದುಕ ಹಾಕಿದರೆ ಅವಳಿಗೆ ಸಂಕೋಚ."

ನೀನು ಒಂದೇ ಕೈಯಲ್ಲಿ, ನೀರು ಚೆಲ್ಲಿದ ಹಾಗೆ ಹಾಕಿದೆ. ಜಾಣತನ ಅದು. ನಾನು? ನನ್ನ ಎರಡೂ ಕೈ ಬಟ್ಟಲಿನ ಕೆಳಗೆ ಹೋಗಿದ್ದು ನನಗೆ ತಿಳಿಯಲೇ ಇಲ್ಲ. ಬಟ್ಟಲು ತುಟಿಗೆ ಬಂದಾಗ ನನ್ನ ಕುತ್ತಿಗೆ ತಾನೇ ತಿರುಗಿತು. ಹಿರಿಯರೆದುರು ಕುಡಿಯುವಾಗ ಮರ್ಯಾದೆಗೆ ತಿರುಗುವ ಹಾಗೆ ನಿನಗೆ ಮುಖ ಮರೆಮಾಡಿ, ಎಡಕ್ಕೆ, ಅವನ ಕಡೆಗೆ. ಅವನ ಮೂಗಿನೆದುರೇ ಬಟ್ಟಲೆತ್ತಿ ಕೊನೆಯ ಹನಿಯವರೆಗೂ ಕುಡಿದೆ.

ನೀನು ನನಗಿಂತ ಮೂರೇ ವರ್ಷ ದೊಡ್ಡವಳು. ಆದರೆ ನನಗೆ ಓದಲು ಮೊದಲ ಕರಪತ್ರ ಕೊಟ್ಟವಳು, ಎಂಟು ಗಂಟೆಯ ದುಡಿಮೆ ಎಂದರೇನೆಂದು ಬಾಯಿಪಾಠ ಮಾಡಿಸಿದವಳು. ಒಂದು ವರ್ಷ ನಿನ್ನ ಕೋಣೆಯಲ್ಲಿ ಹಾಗೆಯೇ ಕುಡಿದಿದ್ದೆ. ಕಪ್ಪು ಗೆರೆ ಹಾಕಿದ ಹಾಳೆಗಳಲ್ಲಿ "ಇನ್ನು ನಾವು ಯಾರ ಮುಂದೆಯೂ ಬಾಗುವುದಿಲ್ಲ" ಎಂದು ಬರೆದವಳು ನಾನೇ. ಆ ಹಾಳೆಯನ್ನು ಕಾರ್ಖಾನೆಯ ಶೌಚಾಲಯದ ಗೋಡೆಗೆ ಅಂಟಿಸಿದವಳೂ ನಾನೇ. ನನ್ನ ತಲೆ ಓದಿದ್ದನ್ನು ಕುತ್ತಿಗೆ ಓದಿರಲಿಲ್ಲ.

ಅವನು ಅವಸರ ಮಾಡಲಿಲ್ಲ. ಒಂದು ತುಂಡು ಮೂಲಂಗಿ ಕಚ್ಚಿ, ಅಗಿದು, ನುಂಗಿ ಆಮೇಲೆ ಹೇಳಿದ: "ನೋಡು ಮಗಳೇ, ನಾನು ನಿನ್ನ ಅಪ್ಪನ ವಯಸ್ಸಿನವನು. ನೀನು ಮುಖ ತಿರುಗಿಸಬೇಕಾಗಿದ್ದು ನನಗೆ. ನನ್ನ ಮುಖಕ್ಕೇ ಮುಖ ಕೊಟ್ಟು ಕುಡಿದೆ. ಇವತ್ತೇ ನೋಡಿದ ಈ ಹುಡುಗಿಗೆ ಮಾತ್ರ ಇಷ್ಟು ಮರ್ಯಾದೆ? ಇವಳು ನಿನಗೆ ಏನಾಗಬೇಕು? ಅಕ್ಕನಾ, ಗುರುವಾ?"

ಅವನ ಕೈ ನಿನ್ನ ಗಂಟಿನ ಕಡೆ ಚಾಚಿತು. ಆಗ ನೀನು ಮಾಡಿದ್ದನ್ನು ಯೋಚಿಸಿ ಮಾಡಿದೆಯೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ. ಕುದಿಯುವ ಸಾರಿನ ಬಟ್ಟಲನ್ನು ಅವನ ಮಡಿಲಿಗೆ ಉರುಳಿಸಿದೆ. ಅವನು ಕಿರುಚಿದ. ಹೊರಗಿನಿಂದ ಇನ್ನಿಬ್ಬರು ಪೊಲೀಸರು ಬೂಟುಗಾಲಲ್ಲೇ ಒಳಗೆ ನುಗ್ಗಿದರು. ಯಾರೋ ನನ್ನ ಜಡೆ ಹಿಡಿದು ಹಿಂದಕ್ಕೆಳೆದರು. ಅದು ಚಿಕ್ಕಮ್ಮ. ಕಡಾಯಿಯ ಹಿಂದಿನ ಕಿರುಬಾಗಿಲಿನಿಂದ ಎಲೆಕೋಸಿನ ರಾಶಿಯ ಮೇಲೆ ನನ್ನನ್ನು ನೂಕಿ, "ಓಡೇ ಕತ್ತೆ, ಅವಳು ನಿನಗೋಸ್ಕರ ಸಾರು ಚೆಲ್ಲಿದಳು, ನೀನು ನಿಂತುಕೊಂಡು ಅಳ್ತೀಯಾ!" ಎಂದು ಬಾಗಿಲು ಹಾಕಿಕೊಂಡಳು.

ನಾನು ಓಡಿದೆ. ಚಪ್ಪಲಿಯಿಲ್ಲದೆ, ಹಿಮದ ಕೆಸರಿನಲ್ಲಿ, ರೈಲು ಹಳಿಯವರೆಗೆ. ಅಲ್ಲಿ ನಮ್ಮ ಸಂಘದ ಚೊಲ್‌ಗ್ಯು ಅಣ್ಣ ಅಚ್ಚಿಗಾಗಿ ಕಾಯುತ್ತಿದ್ದ. ಏನಾಯಿತು ಎಂದ. "ನಾನು ಹೋಗುವಷ್ಟರಲ್ಲಿ ಅಕ್ಕನನ್ನು ಹಿಡಿದುಬಿಟ್ಟಿದ್ದರು" ಎಂದೆ. ಅದೊಂದೇ ವಾಕ್ಯ ಅಕ್ಕಾ. ಚಪ್ಪಲಿ ಎಲ್ಲಿ ಎಂದು ಅವನು ಕೇಳಿದ್ದರೆ ಅಲ್ಲೇ ಎಲ್ಲವೂ ಮುಗಿಯುತ್ತಿತ್ತು. ಅವನು ಕೇಳಲಿಲ್ಲ.

ಅಚ್ಚು ಪೊಲೀಸರ ಪಾಲಾಯಿತು, ಮುಷ್ಕರ ನಡೆಯಲಿಲ್ಲ. ಹದಿನೇಳು ಹುಡುಗಿಯರನ್ನು ಕೆಲಸದಿಂದ ತೆಗೆದರು. ಯಾರಾದರೂ ಹೇಳಿರಲೇಬೇಕು ಎಂದು ಎಲ್ಲರೂ ಹುಡುಕತೊಡಗಿದರು. ಚಿಕ್ಕಮ್ಮನನ್ನು ಠಾಣೆಗೆ ಕರೆದೊಯ್ದು ಎರಡೇ ಗಂಟೆಯಲ್ಲಿ ಬಿಟ್ಟಿದ್ದರಂತೆ. ಕಂದು ಜಾಕೆಟ್ಟಿನ ಆ ಪತ್ತೇದಾರನ ಜೊತೆ ಅವಳು ನಗುತ್ತಾ ಮಾತಾಡಿದ್ದನ್ನು ಕಂಡವರಿದ್ದರು. ಅಷ್ಟು ಸಾಕಾಯಿತು. ಮೊದಲು ನಮ್ಮವರು ಅಲ್ಲಿ ಉಣ್ಣುವುದನ್ನು ಬಿಟ್ಟರು. ಆಮೇಲೆ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ "ಪೊಲೀಸರ ನಾಯಿ" ಎಂದು ಬರೆದರು. ಭಾನುವಾರ ಕೂರಲು ಜಾಗವಿಲ್ಲದ ಆ ಅಂಗಡಿಯಲ್ಲಿ ಈಗ ಕಡಾಯಿ ಅರ್ಧವೂ ತುಂಬುವುದಿಲ್ಲ. ಕಳೆದ ವಾರ ಚೊಲ್‌ಗ್ಯು ಅಣ್ಣ ನನ್ನನ್ನು ಕರೆದು ಹೇಳಿದ: "ಗುರುವಾರ ಹಂಚೋಕೆ ಕರಪತ್ರ ನೀನೇ ಬರಿ. ಆ ಮುದುಕಿ ಹೆಸರು ದಪ್ಪಕ್ಷರದಲ್ಲಿ ಬರಲಿ. ನಿನ್ನ ಪೆನ್ನಿಗೆ ಬೆಂಕಿ ಇದೆ."

ನಾನು ಹೂಂ ಎಂದೆ.

ಆ ರಾತ್ರಿಯೆಲ್ಲ ಬರೆಯಲಾಗಲಿಲ್ಲ. ಮಾರನೆಯ ಮಧ್ಯಾಹ್ನ ಅವಳ ಅಂಗಡಿಗೆ ಹೋದೆ. ಹತ್ತು ತಿಂಗಳಲ್ಲಿ ಮೊದಲ ಸಲ. ಅವಳು ಬಾಗಿಲ ಮೇಲಿನ ಕೆಂಪು ಬಣ್ಣವನ್ನು ಚಾಕುವಿನಿಂದ ಕೆರೆಯುತ್ತಿದ್ದಳು. ನನ್ನನ್ನು ನೋಡಿ, "ಬಂದೆಯಾ? ಕೂತ್ಕೋ" ಎಂದು ಸಾರು ತಂದಿಟ್ಟಳು. ನನಗೆ ಚಮಚ ಎತ್ತಲಾಗಲಿಲ್ಲ. "ಯಾಕೆ ಹೇಳಲಿಲ್ಲ ಚಿಕ್ಕಮ್ಮಾ? ನನ್ನನ್ನ ಹಿಂದಿನ ಬಾಗಿಲಿಂದ ಕಳಿಸಿದ್ದು ನೀವೇ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು" ಎಂದೆ.

ಅವಳಿಗೆ ಸಿಟ್ಟು ಬಂತು. "ಠಾಣೆಯಲ್ಲಿ ಎರಡು ಗಂಟೆ ಅದನ್ನೇ ಕೇಳಿದರು, ಓಡಿಹೋದವಳು ಯಾರು ಅಂತ. ಕಿವಿ ಕೇಳಲ್ಲ, ಕಣ್ಣು ಕಾಣಲ್ಲ ಅಂದೆ. ಹುಚ್ಚು ಮುದುಕಿ ಅಂತ ಬಿಟ್ಟರು. ನನ್ನಲ್ಲಿ ಉಣ್ಣೋಕೆ ಬಂದವರ ಹೆಸರು ಪೊಲೀಸರಿಗೇ ಕೊಡಲಿಲ್ಲ, ನಿಮ್ಮ ಸಂಘದ ಪುಂಡರಿಗೆ ಕೊಡ್ತೀನಾ? ನಿನ್ನ ಹೆಸರು ಹೇಳಬೇಕಾದವಳು ನೀನು. ಆರಿ ಹೋಗತ್ತೆ, ಮೊದಲು ಉಣ್ಣು."

ಉಂಡೆ. ಅವಳೆದುರು ಪೂರ್ತಿ ಉಂಡೆ. ಅಷ್ಟು ಕಷ್ಟದ ಊಟವನ್ನು ನಾನು ಇನ್ನೆಂದೂ ಉಣ್ಣಲಾರೆ.

ನಾನು ಓದಿದ ಕರಪತ್ರಗಳಲ್ಲೆಲ್ಲ ಶತ್ರು ಬೇರೆ ಕಡೆ ಇರುತ್ತಿದ್ದ. ಕಾರ್ಖಾನೆಯ ಮೇಲಿನ ಮಹಡಿಯಲ್ಲಿ, ಠಾಣೆಯಲ್ಲಿ. ಅವು ಸುಳ್ಳಲ್ಲ. ಹನ್ನೆರಡು ಗಂಟೆ ಅಂಟು ಮೂಸಿ ಕೆಮ್ಮುವ ನಮ್ಮ ಹುಡುಗಿಯರಿಗಾಗಿ ನಾನು ಇನ್ನೂ ನೂರು ಗೋಡೆಗಳಿಗೆ ಬೇಕಾದರೂ ಹಾಳೆ ಅಂಟಿಸುತ್ತೇನೆ. ಆದರೆ ಬಡವಿಯೊಬ್ಬಳ ಬಾಗಿಲಿಗೆ ಸುಳ್ಳು ಬಳಿದು ಹೊರಡುವ ಮೆರವಣಿಗೆ ಯಾರ ಬಿಡುಗಡೆಗೂ ಹೋಗುವುದಿಲ್ಲ. ಅಂದು ನಿನ್ನ ಮುಂದೆ ತಿರುಗಿದ ನನ್ನ ಕುತ್ತಿಗೆಯ ಬಗ್ಗೆ ನನಗೆ ನಾಚಿಕೆಯಿಲ್ಲ. ರೈಲು ಹಳಿಯ ಬಳಿ ತಿರುಗಿದ ನಾಲಿಗೆಯ ಬಗ್ಗೆ ಇದೆ.

ಕರಪತ್ರ ಬರೆದು ಮುಗಿಸಿದೆ. ತಲೆಬರಹ ಅಣ್ಣ ಕೊಟ್ಟದ್ದೇ: "ಪಿಲ್‌ಸುಕ್‌ಳನ್ನು ಹಿಡಿದುಕೊಟ್ಟವರು ಯಾರು?" ಅದರ ಕೆಳಗೆ, ಅವನು ಕೇಳಿದಷ್ಟೇ ದಪ್ಪ ಅಕ್ಷರದಲ್ಲಿ, ನನ್ನ ಹೆಸರಿದೆ. ಬಟ್ಟಲು, ಕುತ್ತಿಗೆ, ರೈಲು ಹಳಿಯ ಸುಳ್ಳು ಎಲ್ಲ ಇದೆ. ಹಿಂದಿನ ಬಾಗಿಲ ವಿಷಯ ಮಾತ್ರ ಬರೆದಿಲ್ಲ, ಅದು ಪೊಲೀಸರ ಕೈಗೆ ಸಿಗಬಾರದು. ಇನ್ನೂರು ಪ್ರತಿ ತೆಗೆದಿದ್ದೇನೆ. ಶಾಯಿ ಇನ್ನೂ ಹಸಿಯಿದೆ, ಕೋಣೆಯ ತುಂಬ ಹರಡಿದ್ದೇನೆ, ಕಾಲಿಡಲು ಜಾಗವಿಲ್ಲ. ಬುಧವಾರದ ಸಭೆಯಲ್ಲಿ ಮೊದಲ ಪ್ರತಿಯನ್ನು ಅಣ್ಣನ ಕೈಗೆ ಕೊಟ್ಟು ನಾನೇ ಓದಿ ಹೇಳುತ್ತೇನೆ. ನನ್ನನ್ನು ನಂಬದೇ ಇರಬಹುದು, ಹೊಡೆಯಬಹುದು, ಹೊರಗೆ ಹಾಕಬಹುದು. ಗುರುವಾರ ಜೈಲಿನ ಬಾಗಿಲಿಗೆ ಬರಲು ನನ್ನನ್ನು ಬಿಡದೇ ಇರಬಹುದು. ಕಂದು ಜಾಕೆಟ್ಟಿನವನಿಗೂ ಒಂದು ಪ್ರತಿ ಸಿಕ್ಕೇ ಸಿಗುತ್ತದೆ. ಸಿಗಲಿ.

ನನ್ನ ಪರವಾಗಿ ಮಾತಾಡಬೇಡ. ನಿನ್ನನ್ನು ಹೆಗಲ ಮೇಲೆ ಎತ್ತಲು ಬಂದವರಿಗೆ, ನಡೆದೇ ಬರ್ತೀನಿ ಎಂದು ಹೇಳು. ಜೈಲಿನ ಚಳಿ ನಿನ್ನ ಮೂಳೆಯಿಂದ ಬೇಗ ಇಳಿಯಲಿ. ನಿನ್ನ ಕೊರೆಯುವ ಬೆರಳುಗಳು ಗಟ್ಟಿಯಾಗಿರಲಿ. ನಾನು ಇಲ್ಲದಿದ್ದರೂ ನೀನು ಕೊರೆಯುವ ಮುಂದಿನ ಹಾಳೆಯನ್ನು ಓದಲು ಹೊಸ ಹುಡುಗಿಯರು ಸಿಗಲಿ.

ಶಾಯಿ ಆರುವುದನ್ನು ಕಾಯುತ್ತಾ,
ನಿನ್ನ ತಂಗಿ
ಮಾಲ್‌ಬುನ್