ಎಡಗೈ ನಡೆಸಿದ ಸಾಫ್ಟ್‌ವೇರ್ ಸ್ವಯಂವರ

ಗುರುವಾರ ಸಂಜೆ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಪುಟ್ಟಿಗೆ, ಅಮ್ಮನ ಮುದ್ದು.

ಮೊದಲು ಕುರ್ಚಿ ಎಳೆದುಕೊಂಡು ಕೂತುಕೋ. ಕೂತೆಯಾ? ಮಿಕ್ಸಿಯ ಗುಂಡಿಯನ್ನು ಯಾವ ಕಡೆ ತಿರುಗಿಸಬೇಕೆಂದು ಇವತ್ತಿಗೂ ಅನುಮಾನಿಸುವ ನಿನ್ನ ಅಮ್ಮ, ಚಿತ್ರ ಬರೆಯುವ ಸಾಫ್ಟ್‌ವೇರ್ ಒಂದನ್ನು ಅಳೆದೂ ಸುರಿದೂ ಆರಿಸಿದ್ದಾಳೆ!

ಬೇಕರಿ ಅಕ್ಕ ಎರಡನೆಯ ಅಂಗಡಿ ತೆರೆಯುತ್ತಿದ್ದಾರೆ. ಅದರ ಬೋರ್ಡನ್ನೂ ನಿಮ್ಮಪ್ಪನೇ ಬರೆಯಬೇಕಂತೆ. ಹಳೆಯ ಬೋರ್ಡಿನ ಹುಂಜವೇ ಬೇಕು, ಆದರೆ ಈ ಸಲ ಶಟರಿನಷ್ಟು ಅಗಲ. ಬ್ರಶ್ಶು ಹಿಡಿದುಕೊಂಡೇ ಹುಟ್ಟಿದ ಆ ಮಹಾನುಭಾವರು "ಆಗಲ್ಲಕ್ಕ, ಬೇರೆ ಯಾರನ್ನಾದ್ರೂ ನೋಡಿ" ಅಂದುಬಿಟ್ಟರು. ಆಕೆ ಮೆಟ್ಟಿಲಿಳಿಯುವ ಮೊದಲೇ ನನ್ನ ಕಡೆ ತಿರುಗಿ, ಅಂಗಡಿ ಮಾರಿಬಿಡೋಣ ಅಂತ ತೀರ್ಪನ್ನೂ ಕೊಟ್ಟರು. ನಾನು ಚಪ್ಪಲಿಯನ್ನೂ ಮೆಟ್ಟದೆ ಬೇಕರಿ ಅಕ್ಕನ ಹಿಂದೆ ಓಡಿ, "ಒಂದು ವಾರ ಕೊಡಿ, ಹುಂಜ ಕೂಗತ್ತೆ" ಅಂತ ಮಾತು ಕೊಟ್ಟುಬಂದೆ. ಎಲುಬಿಲ್ಲದ ನಾಲಗೆ, ಅದಕ್ಕೇನು ಕಷ್ಟ!

ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಉಳಿದದ್ದು ಪ್ರಿಂಟಿಂಗ್‌ನವರ ಪಾಡು ಎಂದು ಕೇಳಿದ್ದೆ. ಹಾಗಾಗಿ ಮರುದಿನವೇ ಪಕ್ಕದ ಫೋಟೋ ಸ್ಟುಡಿಯೋದಲ್ಲಿ ಸ್ವಯಂವರ. ಮೇಜಿನ ಮೇಲೊಂದು ಹಲಗೆ, ಅದರ ಮೇಲೆ ಬರೆಯಲೊಂದು ಪೆನ್ನು, ಬರೆದದ್ದು ಪರದೆಯಲ್ಲಿ ಮೂಡುತ್ತದೆ. ಬಂದ ವರರನ್ನೆಲ್ಲ ನಾನು ಎಡಗೈಯಲ್ಲೇ ಬರೆದು ಪರೀಕ್ಷಿಸಿದೆ. "ಆಂಟಿ, ಬಲಗೈಗೇನಾಯ್ತು?" ಅಂತ ಸ್ಟುಡಿಯೋದವಳು ಕೇಳಿದ್ದಕ್ಕೆ, "ಅದು ರಜೆಯಲ್ಲಿದೆ" ಅಂದೆ.

ಮೊದಲನೆಯವನು ಜಗದ್ವಿಖ್ಯಾತ. ಆದರೆ ತಿಂಗಳು ತಿಂಗಳೂ ಬಾಡಿಗೆ ಬೇಕಂತೆ. ಮನೆಯಳಿಯನಾಗಿ ಬಂದವನು ಬಾಡಿಗೆ ಕೊಡಬೇಕೋ, ಕೇಳಬೇಕೋ? ಸಾಗಹಾಕಿದೆ. ಎರಡನೆಯವನು ಪುಕ್ಕಟೆ, ಸಂಭಾವಿತ. ಮೈತುಂಬ ಗುಂಡಿಗಳು ಮಾತ್ರ. ಯಾವುದನ್ನೋ ಒತ್ತಿದೆ, ಹುಂಜ ತಲೆಕೆಳಗಾಗಿ ನಿಂತಿತು. ಅದನ್ನು ಕಾಲ ಮೇಲೆ ನಿಲ್ಲಿಸಲು ಸ್ಟುಡಿಯೋದವಳಿಗೂ ಬರಲಿಲ್ಲ. ಮೂರನೆಯವನು ಸ್ಫುರದ್ರೂಪಿ, ಬಣ್ಣಗಳೆಂದರೆ ಬಣ್ಣಗಳು! ಆದರೆ ಚುಕ್ಕಿ ಪೋಣಿಸಿ ಚಿತ್ರ ಮಾಡುವ ವಂಶ. ಶಟರಿನಗಲಕ್ಕೆ ಹಿಗ್ಗಿಸಿದ್ದೇ ತಡ, ಹುಂಜದ ಬಾಲ ಮೆಟ್ಟಿಲು ಮೆಟ್ಟಿಲಾಯಿತು. ಹತ್ತಿಕೊಂಡು ಮಾಳಿಗೆಗೇ ಹೋಗಬಹುದಿತ್ತು.

ನಾಲ್ಕನೆಯವನು ಬಂದ ನೋಡು! ಗೆರೆಗಳ ಮನೆತನ, ಎಷ್ಟು ಹಿಗ್ಗಿಸಿದರೂ ಗೆರೆ ಗೆರೆಯೇ. ಅವನಲ್ಲಿ ಅತ್ತಿತ್ತ ಜಾರಿಸುವ ಪಟ್ಟಿಯೊಂದಿದೆ. ಅದನ್ನು ಬಲಕ್ಕೆಳೆದಷ್ಟೂ, ನಾವು ಅಂಕುಡೊಂಕಾಗಿ ಎಳೆದದ್ದು ಪರದೆಯಲ್ಲಿ ನಯವಾಗಿ ಮೂಡುತ್ತದೆ. ನನ್ನ ಎಡಗೈ ಬರೆದ ಬಾಲ ಸರ್ರನೆ ಬಾಗಿದ್ದು ಕಂಡು, ನಾನು ಎದ್ದು ನಿಂತು ಕುಣಿದೆ. ಕುರ್ಚಿ ಬಿತ್ತು. ಬೀಳಲಿ.

ಎಡಗೈ ಯಾಕೆ ಅಂತ ನೀನೂ ಕೇಳುತ್ತೀಯ. ಹೇಳಬೇಡ ಅಂತ ನಿಮ್ಮಪ್ಪ ಆಣೆ ಹಾಕಿಸಿದ್ದರು, ಆದರೂ ಹೇಳುತ್ತೇನೆ. ಅವರ ಕೈ ನಡುಗುತ್ತಿದೆ ಪುಟ್ಟಿ. ಪ್ರಾಣಕ್ಕೇನೂ ಭಯವಿಲ್ಲ, ಆದರೆ ನಡುಕ ಹೋಗುವುದಿಲ್ಲ ಎಂದಿದ್ದಾರೆ ಡಾಕ್ಟರು. ಲಕೋಟೆಯ ವಿಳಾಸವನ್ನು ಅಪ್ಪ ಈಗೀಗ ಯಾಕೆ ಬರೆಯುವುದಿಲ್ಲ ಅಂತ ನೀನು ಕೇಳಿದಾಗ "ಪುರುಸೊತ್ತಿಲ್ಲ" ಅಂದದ್ದು ಇದಕ್ಕೇ. ಅವರ ಕೈಯಷ್ಟು ನಡುಗುವ ಕೈ ನನ್ನ ಬಳಿ ಇದ್ದದ್ದು ಎಡಗೈ ಒಂದೇ.

ಸ್ಟುಡಿಯೋದವಳ ಕಂಪ್ಯೂಟರು, ಹಲಗೆ ಎರಡನ್ನೂ ಎರವಲು ತಂದು ಅಂಗಡಿಯಲ್ಲಿಟ್ಟೆ. ಇನ್ನು ಅವರನ್ನು ಅದರ ಮುಂದೆ ಕೂರಿಸಬೇಕಲ್ಲ? ಕರೆದರೆ ಬರುವ ಪ್ರಾಣಿಯಲ್ಲ ಅದು. ಹುಂಜಕ್ಕೆ ಬಾತುಕೋಳಿಯ ಕಾಲು ಬರೆದು, ಇದನ್ನೇ ಕೊಟ್ಟುಬಿಡೋಣ ಅಂದೆ. "ಲೇ, ನನ್ನ ಹುಂಜಾನ ಈಜೋಕೆ ಕಳಿಸ್ತೀಯಾ? ಸರಿ ಆ ಕಡೆ!" ಅಂತ ಪೆನ್ನು ಕಿತ್ತುಕೊಂಡರು. ಒಂದು ಗೆರೆ ಎಳೆದರು. ನಯವಾಗಿ ಬಂತು. ತಮ್ಮ ಕೈ ನೋಡಿಕೊಂಡರು, ಪರದೆ ನೋಡಿದರು, ಇನ್ನೊಂದು ಎಳೆದರು. ಆಮೇಲೆ ಊಟಕ್ಕೆ ಕರೆದರೂ ಏಳಲಿಲ್ಲ.

ಹುಂಜ ಮುಗಿಯಿತು, ಅದರ ಪಕ್ಕದ ಬಿಸಿ ಬ್ರೆಡ್ಡೂ ಮುಗಿಯಿತು. ಬ್ರೆಡ್ಡಿನ ಮೇಲಿನ ಹಬೆ ಮಾತ್ರ ತಂತಿ ಬಗ್ಗಿಸಿದ ಹಾಗೆ ಬಿಗಿದುಕೊಂಡಿತ್ತು. "ಥೂ, ಇದು ಹಬೆಯಲ್ಲ, ಬಟ್ಟೆ ಹಾಕೋ ಕೊಕ್ಕೆ" ಅಂದವರು ಆ ಪಟ್ಟಿಯನ್ನು ತಾವೇ ಎಡಕ್ಕೆ, ಪೂರ್ತಿ ಸೊನ್ನೆಗೆ ಎಳೆದರು. ಬರೀ ಅವರ ಕೈ, ಬರೀ ಅದರ ನಡುಕ. ಹಬೆ ತೇಲುತ್ತ, ಅಲುಗುತ್ತ ಮೇಲೆದ್ದಿತು ಪುಟ್ಟಿ! ಇವತ್ತು ಬೇಕರಿ ಅಕ್ಕ ಪರದೆಗೆ ಮೂಗು ತಾಗಿಸಿ, "ಪೇಂಟರ್ರೇ, ಇನ್ನೂ ಬಿಸಿ ಇದೆಯಲ್ರೀ" ಅಂದರು.

ಅಂಗಡಿ ಮಾರುವ ಮಾತು ಈಗ ಯಾರೂ ಎತ್ತುತ್ತಿಲ್ಲ. ನಿಮ್ಮಪ್ಪ ಕಿಟಕಿಯಲ್ಲಿ ನಿಂತು, ಎದುರಿನ ಕ್ಷೌರದಂಗಡಿಯ ಬೋರ್ಡಿನಲ್ಲಿರುವ ಕತ್ತರಿ ಇಕ್ಕಳದ ಹಾಗಿದೆ ಅಂತ ಬೈಯುತ್ತಿದ್ದಾರೆ. ನಾಳೆ ಆ ಅಂಗಡಿಯವನನ್ನು ಹೋಗಿ ಮಾತಾಡಿಸುತ್ತಾರಂತೆ.

ನೀನಂತೂ ತರಲಿಲ್ಲ, ಕೊನೆಗೆ ಈ ಮನೆಗೆ ಅಳಿಯನನ್ನು ತಾನೇ ತಂದುಕೊಂಡ
ನಿನ್ನ ಅಮ್ಮ

ತಾ.ಕ.: ಲಕೋಟೆಯನ್ನು ಹರಿದು ಬುಟ್ಟಿಗೆ ಎಸೆದಿರುತ್ತೀಯ, ಹೋಗಿ ಎತ್ತಿಕೋ. ಆಣೆ ಮುರಿದದ್ದು ನಿಮ್ಮಪ್ಪನಿಗೆ ಗೊತ್ತಾಗಿದೆ. ಬೆನ್ನ ಹಿಂದೆ ನಿಂತು ಓದುತ್ತಿದ್ದರು. ಬೈಯುತ್ತಾರೆಂದು ಕಾದೆ. "ಕೊಡಿಲ್ಲಿ" ಅಂತ ಲಕೋಟೆ ಕಿತ್ತುಕೊಂಡು, ಸಾದಾ ಬಾಲ್ ಪೆನ್ನಿನಲ್ಲಿ ನಿನ್ನ ವಿಳಾಸ ಬರೆದರು. "ಓದೋಕಾಗತ್ತಾ?" ಅಂತ ಎರಡು ಸಲ ಕೇಳಿದರು. ಪತ್ರ ನಿನಗೆ ತಲುಪಿದ್ದರೆ, ಆಗತ್ತೆ ಅಂತ ಅವರಿಗೊಂದು ಸಾಲು ಬರೆದು ಹಾಕು.