ಬ್ರೆಜಿಲ್ ಕಪ್ಪೆಯ ಹುಳ

೩ ಜೂನ್ ೨೦೨೪, ಬೆಳಿಗ್ಗೆ
ಹಳೆಯ ಡೈರಿ ತುಂಬಿತು. ಇದರಲ್ಲೂ ಹೆಸರು ಬರೆದಿಡುತ್ತೇನೆ. ಬೊಮ್ಮಕ್ಕ, ಎಸ್ಸೆಸ್ಸೆಲ್ಸಿ ಪಾಸು. ಮೊಳಕಾಲ್ಮೂರು ಕಡೆಯ ಈ ಹಟ್ಟಿಯ ಮೊದಲ ಮನೆಗೆ ಹಿರಿಯಳು. ಹಟ್ಟಿಯ ದೇವರನ್ನಿಟ್ಟು ಹೊತ್ತು ತರುವ ಪೆಟ್ಟಿಗೆ ಬಂದರೆ ಮೊದಲು ಇಳಿಯುವುದು ನಮ್ಮ ಪಡಸಾಲೆಯಲ್ಲಿ. ಈ ಗುರುವಾರ ಬರುತ್ತದೆ. ಸಾರಣೆ ಮುಗಿಯಿತು.

ಮೊಮ್ಮಗಳು ದಿವ್ಯಾ ಚಳ್ಳಕೆರೆಯ ಕಾಲೇಜಿನಿಂದ ಎಂಟು ಬಾಟಲಿ ತಂದಿಟ್ಟಿದ್ದಾಳೆ. ಲ್ಯಾಬ್ ರಿಪೇರಿಯಂತೆ. ಅವಳ ಪಿಎಚ್.ಡಿ.ಯೆಲ್ಲ ಅದರಲ್ಲೇ ಇದೆಯಂತೆ.
"ಏನೇ ಇದು, ದಾರದ ಚೂರು?"
"ಹುಳ ಅಜ್ಜಿ. ಬ್ರೆಜಿಲ್ ಕಪ್ಪೆ ಕರುಳೊಳಗಿದ್ದವು. ನಮ್ಮ ಕಡೆ ಕಪ್ಪೆ ಹುಳದ ಜೊತೆ ಹೋಲಿಸಿ ನೋಡ್ಬೇಕು."
"ನಮ್ಮ ಕಪ್ಪೆ ಹೊಟ್ಟೇಲಿ ಇರೋ ಹುಳ ಸಾಲಲಿಲ್ವಾ ನಿಂಗೆ?"
ನಕ್ಕಳು. "ಮುಟ್ಬ್ಯಾಡಜ್ಜಿ. ಬ್ರೆಜಿಲ್‌ವು ಆರೇ ಬಾಟ್ಲಿ ಇರೋದು, ಇನ್ನೆರಡು ನಮ್ಮ ಕಡೇವು."

೫ ಜೂನ್
ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಸಾರಾಯಿ ವಾಸನೆ. ಪೆಟ್ಟಿಗೆ ಇಳಿಯುವ ಮನೆಯಲ್ಲಿ ಅದು ಇರಕೂಡದು. ದಿವ್ಯಾ ಕಾಲೇಜಿಗೆ ಹೋಗಿದ್ದಳು. ಹುಳ ಚೆಲ್ಲಲಿಲ್ಲ. ಬಟ್ಟೆಯಲ್ಲಿ ಸೋಸಿ ಆ ಸಾರಾಯಿ ಮಾತ್ರ ಚೆಲ್ಲಿದೆ; ಕಾಯಿಸಿ ಆರಿಸಿದ ನೀರು ತುಂಬಿದೆ, ಎಂಟಕ್ಕೂ. ಹೇಳುವ ಅಗತ್ಯ ಕಾಣಲಿಲ್ಲ.

೬ ಜೂನ್
ಪೆಟ್ಟಿಗೆ ಬಂತು. ಎಲ್ಲ ಸರಿಯಾಗಿ ನಡೆಯಿತು.

೨೧ ಜೂನ್, ಸಂಜೆ
ಹತ್ತು ದಿನದ ಹಿಂದೆ ಬಾಟಲಿ ಲ್ಯಾಬಿಗೆ ಹೋಗಿದ್ದವು. ದಿವ್ಯಾ ಇವತ್ತು ತೆರೆದಳಂತೆ. ಹುಳ ಉಬ್ಬಿ ಒಡೆದು ಹೋಗಿವೆ.
"ಸ್ಪಿರಿಟ್ಟೇ ಇಲ್ಲಜ್ಜಿ, ಬರೀ ನೀರು! ಅಟೆಂಡರ್ ಕೊಟ್ಟೂರಪ್ಪ ಕುಡ್ದು ನೀರು ತುಂಬವ್ನೆ ಅಂತಾರೆ ಎಲ್ರೂ."
"ಕುಡೀತಾನಾ?"
"ಮೊದ್ಲು ಕುಡೀತಿದ್ದ. ಬಿಟ್ಟು ಮೂರು ವರ್ಷ ಆತು."
ಊಟ ಬಡಿಸಿದೆ. ಅವಳು ಉಣ್ಣಲಿಲ್ಲ. ನಾನು ಉಂಡೆ.

೨೫ ಜೂನ್
ಕೊಟ್ಟೂರಪ್ಪನೇ ಹಟ್ಟಿಗೆ ಬಂದ. ಅಂಗಳದಲ್ಲೇ ನಿಂತ.
"ನಿಮ್ಮ ಮೊಮ್ಮಗಳಿಗೆ ಒಂದು ಮಾತು ಹೇಳ್ರಿ ಅಮ್ಮಾರೆ. ಎಂಥ ಕುಡುಕ ಆದ್ರೂ ಕಪ್ಪೆ ಹುಳದ ನೀರು ಕುಡೀತಾನೇನ್ರಿ? ನನ್ನ ಹೆಂಡ್ತಿನೂ ನಂಬ್ತಿಲ್ಲ. ತವರಿಗೆ ಹೊಂಟವ್ಳೆ."
ಕಾಫಿ ಕೊಡಿಸಿದೆ. ಹೇಳ್ತೀನಿ ಹೋಗಪ್ಪ, ಅಂದೆ.
ಹೇಳಲಿಲ್ಲ.

೪ ಜುಲೈ
ಸೋಮವಾರ ಕಾಲೇಜಿನಲ್ಲಿ ಮೀಟಿಂಗ್. ಕೊಟ್ಟೂರಪ್ಪನನ್ನು ಕೆಲಸದಿಂದ ತೆಗೆಯುತ್ತಾರಂತೆ. ದಿವ್ಯಾ ಹೇಳಿದಳು. ಹೂಂ ಅಂದೆ. ಶೇಂಗಾ ಬೀಜ ಆರಿಸುತ್ತಾ ಕೂತೆ. ಎಷ್ಟು ಹೊತ್ತೋ... ಎದ್ದಾಗ ಕಾಲು ಜೋಮು ಹಿಡಿದಿತ್ತು. ಕಾಲು ಮಾತ್ರವೇ ಅಲ್ಲ.

೮ ಜುಲೈ, ರಾತ್ರಿ ಎಂಟು
ಬೆಳಿಗ್ಗೆ ದಿವ್ಯಾಳ ಜೊತೆ ನಾನೂ ಬಸ್ಸು ಹತ್ತಿದೆ. "ನೀನ್ಯಾಕಜ್ಜಿ?" ಅಂದಳು. ಟಿಕೆಟ್ಟಿಗೆ ಚಿಲ್ಲರೆ ಎಣಿಸಿದೆ. ಮೀಟಿಂಗ್ ರೂಮಿಗೆ ಕೇಳದೆ ಹೋದೆ. ಪ್ರಿನ್ಸಿಪಾಲರು ಎದ್ದು ಕುರ್ಚಿ ಕೊಟ್ಟರು. ಕೂರಲಿಲ್ಲ.
"ಸ್ಪಿರಿಟ್ ಚೆಲ್ಲಿ ನೀರು ತುಂಬಿದ್ದು ನಾನು. ನನ್ನ ಮನೆಯಾಗೆ, ಈ ಕೈಲೆ."
 ದಿವ್ಯಾ ನೆಲ ನೋಡುತ್ತಿದ್ದಳು. ಅವಳ ಮೂರು ವರ್ಷದ ಕೆಲಸ. ವಾಪಸ್ ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಕರೆಯಲಿಲ್ಲ ನಾನು.
ಮೀಟಿಂಗ್ ರೂಮಿನಿಂದ ಹೊರಡುವ ಮೊದಲು ನಡೆದದ್ದನ್ನೂ ಬರೆಯಬೇಕು. ಕೊಟ್ಟೂರಪ್ಪ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. ಅವನ ಮುಂದೆ ಹೋಗಿ ನಿಂತೆ. "ಬ್ಯಾಡ್ರಿ, ಬ್ಯಾಡ್ರಿ ಅಮ್ಮಾರೆ," ಅಂತ ಹಿಂದೆ ಸರಿದ. ಅಷ್ಟರಲ್ಲಿ ನಾನು ಅವನಿಗೆ ಕೈ ಮುಗಿದಾಗಿತ್ತು. ಎಲ್ಲರೂ ನೋಡಿದರು, ದಿವ್ಯಾನೂ ನೆಲದಿಂದ ಕಣ್ಣೆತ್ತಿ ನೋಡಿದಳು.